ಬಟ್ಟೆಯ ಕೆಳಗಿನ ಬೆಲೆ

ಬೆಳ್ಗಲ್ಲು ಪಟ್ಟಣಕ್ಕೆ ಆ ಹೆಸರನ್ನು ತಂದುಕೊಟ್ಟ ಬಿಳಿಯ ಹೆಬ್ಬಂಡೆಯು ಸೂರ್ಯೋದಯದ ಹೊತ್ತಿಗೆ ಹೊಂಬಣ್ಣ ತಳೆಯುತ್ತಿತ್ತು. ಅದರ ನೆತ್ತಿಯ ಮೇಲಿನ ಅರಮನೆಯ ಕಲಶಗಳು ಒಂದೊಂದಾಗಿ ಬೆಳಕನ್ನು ಹಿಡಿಯುತ್ತಿದ್ದವು. ಬುಡದ ಹಿರಿಯ ಕೆರೆಗೆ ಪಟ್ಟದಾನೆಗಳು ಗಂಟೆಯ ನಾದದೊಡನೆ ಇಳಿಯುತ್ತಿದ್ದವು. ಉತ್ತರದ ಹೆಬ್ಬಾಗಿಲಿನಿಂದ ಅರಮನೆಯ ಮೆಟ್ಟಿಲವರೆಗೆ ನೇರವಾಗಿ ಹರಿದ ಸಂತೆಬೀದಿಯನ್ನು ಕಂಡು ಪರದೇಶದ ವರ್ತಕರು ಬೆರಗಾಗುತ್ತಿದ್ದ ಕಾಲವೊಂದಿತ್ತು. ಆದರೆ ಆ ವರ್ಷದ ಮಾಘಮಾಸದಲ್ಲಿ ಆ ಬೀದಿಯು ಹಿಂದೆಂದೂ ಇಲ್ಲದಷ್ಟು ಚೊಕ್ಕಟವಾಗಿತ್ತು. ಕಲ್ಲುಹಾಸಿನ ಸಂದಿನಲ್ಲಿ ಒಂದು ಕಾಳಿಲ್ಲ. ಕಾಳಿಲ್ಲದ ಕಾರಣ ಗುಬ್ಬಿಗಳಿಲ್ಲ. ಸಗಣಿಯಿಲ್ಲ, ಧೂಳಿಲ್ಲ, ಬೈಗುಳವಿಲ್ಲ. ಬೀದಿಯ ನಡುವಣ ಕಂಬದ ಬುಡದಲ್ಲಿ ಕರಿಯ ಮರದ ಕೊರಡೊಂದು ಮಾತ್ರ ಇತ್ತು. ಅದರ ಮೇಲೆ ಮಚ್ಚಿನ ಗುರುತುಗಳಿದ್ದವು.

ಸಂತೆಯ ಹೆಗ್ಗಡಿತಿ ಬಾಚಲೆಯು ಆ ಕೊರಡನ್ನು ಬಳಸಿ ನಡೆಯುವುದನ್ನು ರೂಢಿಸಿಕೊಂಡಿದ್ದಳು. ಗಂಡನ ಮರಣಾನಂತರ ಹಿರಿಯ ಅರಸರು ಕರೆದು ಒಪ್ಪಿಸಿದ ಅಧಿಕಾರವದು. ಧಾನ್ಯ ಅಳೆಯುವ ಕೊಳಗಗಳನ್ನು ಪರೀಕ್ಷಿಸುವುದು, ಜಗಳಗಳನ್ನು ತೀರಿಸುವುದು, ಡಂಗುರ ಸಾರಿ ಸಂತೆಯನ್ನು ತೆರೆಯುವುದು ಅವಳ ಕರ್ತವ್ಯ. ಕಳ್ಳ ಕೊಳಗ ಹಿಡಿದವನನ್ನು ಒಂದು ಗದರಿಕೆಗೆ ನಡುಗಿಸುತ್ತಿದ್ದ ಆ ಹೆಂಗಸು ಈಗ ತಾನೇ ನಡುಗುತ್ತಿದ್ದಳು.

ಕಾರಣ ರಾಜಶಾಸನ. ತರುಣ ಅರಸ ಮಾಯಿದೇವನು ಗಡಿಯ ಯುದ್ಧಕ್ಕೆ ಹೊರಟಾಗ ದಂಡಿನ ಬುತ್ತಿಗೆಂದು ಧಾನ್ಯ ಸಂಗ್ರಹವಾಗಿ, ಪಟ್ಟಣದಲ್ಲಿ ಜೋಳದ ಬೆಲೆ ಇಮ್ಮಡಿಯಾಗಿತ್ತು. ಹಣವೆಂಬ ನಾಣ್ಯವೊಂದಕ್ಕೆ ನಾಲ್ಕು ಕೊಳಗ ದೊರೆಯುತ್ತಿದ್ದಲ್ಲಿ ಎರಡೇ ದೊರೆಯತೊಡಗಿತ್ತು. ಮಹಾಪ್ರಧಾನ ಕಲಿಮಯ್ಯನು ಪ್ರಜೆಗಳ ಮೇಲಿನ ಕರುಣೆಯಿಂದೆಂಬಂತೆ ಶಾಸನವೊಂದನ್ನು ರಚಿಸಿ, ಕುದುರೆಯೇರಲಿದ್ದ ಅರಸನಿಂದ ಅವಸರದಲ್ಲಿ ಮುದ್ರೆ ಒತ್ತಿಸಿಕೊಂಡನು. ಹಣಕ್ಕೆ ನಾಲ್ಕು ಕೊಳಗದಂತೆಯೇ ಮಾರತಕ್ಕದ್ದು. ಬಟ್ಟೆಯ ಕೆಳಗೆ ಬೆಲೆ ಕುದುರಿಸಿದವನ ಬಲಗೈಯನ್ನು ಕತ್ತರಿಸತಕ್ಕದ್ದು. ತಪ್ಪಿತಸ್ಥನನ್ನು ಗುರುತಿಸಿ ಒಪ್ಪಿಸುವ ಹೊಣೆ ಸಂತೆಯ ಹೆಗ್ಗಡೆಯದು.

ಮಾರುವವನೂ ಕೊಳ್ಳುವವನೂ ಒಂದು ವಸ್ತ್ರದ ಕೆಳಗೆ ಕೈಯೊಳಗೆ ಕೈಯಿಟ್ಟು, ಬೆರಳುಗಳನ್ನು ಹಿಡಿದು, ಒತ್ತಿ, ಬಿಟ್ಟು, ಮಾತಿಲ್ಲದೆ ಬೆಲೆ ನಿಶ್ಚಯಿಸುವುದು ಆ ನಾಡಿನ ಪದ್ಧತಿಯಾಗಿತ್ತು. ಸುತ್ತಲಿನವರಿಗೆ ಏನೂ ಕಾಣದು; ಸೋತವನಿಗೂ ಮುಖಭಂಗವಿಲ್ಲ. ಶಾಸನ ಬಂದ ಮೇಲೂ ಬಟ್ಟೆ ಹಾಸಿದ ಮಾದಿಶೆಟ್ಟಿಯೆಂಬ ವೃದ್ಧನನ್ನು ಬಾಚಲೆಯೇ ಬೆರಳು ತೋರಿ ಒಪ್ಪಿಸಿದ್ದಳು. ಕೊರಡಿನ ಮೇಲೆ ಕೈ ಕಡಿಯುವಾಗಲೂ ಅವನು ಕೂಗಲಿಲ್ಲ, ಅವಳ ಮುಖವನ್ನೊಮ್ಮೆ ನೋಡಿದನು, ಅಷ್ಟೇ. ಅಂದಿನಿಂದ ಧಾನ್ಯದ ಹೇರು ಹೊತ್ತ ಎತ್ತುಗಳು ಪಟ್ಟಣದತ್ತ ಮುಖ ಮಾಡಲಿಲ್ಲ.

ಪ್ರಧಾನನ ಓಲಗದಲ್ಲಿ ಅವಳು ಈ ಸಂಗತಿಯನ್ನು ತಗ್ಗಿದ ದನಿಯಲ್ಲಿ ಅರಿಕೆ ಮಾಡಿದಳು.

“ವರ್ತಕರು ಧಾನ್ಯವನ್ನು ಅಡಗಿಸಿದ್ದಾರೆ, ಹೆಗ್ಗಡಿತಿಯವರೇ,” ಎಂದನು ಕಲಿಮಯ್ಯ, ತಾಂಬೂಲವನ್ನು ಮಡಿಸುತ್ತ. “ಮನೆಮನೆಯನ್ನೂ ಶೋಧಿಸಿ.”

“ಶೋಧಿಸಿದ್ದಾಯಿತು, ಪ್ರಧಾನರೇ. ತಂದರಲ್ಲವೇ ಅಡಗಿಸುವುದು? ತರುತ್ತಲೇ ಇಲ್ಲ. ಅವರು ಹೊಲದವನಿಗೆ ಕೊಟ್ಟ ಬೆಲೆಯೇ ನಮ್ಮ ಬೆಲೆಗಿಂತ ಹೆಚ್ಚಿದೆ. ಕೈಯಿಂದ ಕಳೆದುಕೊಂಡು ಮಾರಲು ಯಾರು ತಾನೆ ಇಷ್ಟು ದೂರ ನಡೆದಾರು?”

“ಹಾಗಾದರೆ ಬಡವರು ಇಮ್ಮಡಿ ಬೆಲೆ ತೆರಲಿ ಎನ್ನುತ್ತೀರಾ? ಅರಸರಿಗಿಂತ ಶೆಟ್ಟರ ಮೇಲೆ ನಿಮಗೆ ಮಮತೆ ಹೆಚ್ಚಾದಂತಿದೆ.” ಸಭೆ ನಕ್ಕಿತು. ಅವನೂ ಸೌಮ್ಯವಾಗಿ ನಕ್ಕನು.

ಆ ನಗೆಯೇ ಅವಳ ಬೆನ್ನಿನಲ್ಲಿ ಚಳಿ ಹುಟ್ಟಿಸಿತು. ತಾನು ಕೊಟ್ಟ ಔಷಧಿಯಿಂದ ರೋಗಿ ಸಾಯುತ್ತಿರುವುದನ್ನು ಕಂಡ ವೈದ್ಯನು ಗಾಬರಿಯಾಗಬೇಕು. ಈ ಮನುಷ್ಯನು ಗಾಬರಿಯಾಗಿರಲಿಲ್ಲ. ಎಣಿಸಿದಂತೆಯೇ ಎಲ್ಲವೂ ನಡೆಯುತ್ತಿರುವವನ ಹಾಗೆ ಕುಳಿತಿದ್ದನು.

ಬೆಳಗಾಗುತ್ತಲೇ ಅವಳು ಕಂಬಳಿಯ ಕೊಪ್ಪೆಯಲ್ಲಿ ಮುಖ ಮರೆಸಿಕೊಂಡು, ಹೇರುಗಳು ನದಿಯನ್ನು ದಾಟುವ ಕಡವಿನತ್ತ ನಡೆದಳು.

ಕಡವಿನ ಮರಳಿನಲ್ಲಿ ಎತ್ತುಗಳು, ಗೋಣಿಗಳು, ಗದ್ದಲ! ಇಲ್ಲಿ ಗುಬ್ಬಿಗಳೂ ಇದ್ದವು. ಹೇರಿನವರ ಮುಂದಾಳು ಕಾಮಿಶೆಟ್ಟಿ ಅವಳನ್ನು ಗುರುತಿಸಿ ಹೌಹಾರಿದನು.

“ಅವ್ವಾ, ಇಲ್ಲಿಗೂ ಬಂದಿರಾ? ನನ್ನ ಕೈ ಇನ್ನೂ ಬೇಕು ನನಗೆ.”

“ನಿನ್ನ ಕೈಗಾಗಿ ಬಂದಿಲ್ಲ ಕಾಮಣ್ಣ. ಪಟ್ಟಣಕ್ಕೆ ಏಕೆ ಬರುವುದಿಲ್ಲ, ಹೇಳು.”

“ಅಲ್ಲಿ ಹಣಕ್ಕೆ ನಾಲ್ಕು ಕೊಳಗ ಅಳೆದು ಕೈ ಉಳಿಸಿಕೊಂಡರೆ ಪುಣ್ಯ. ಇಲ್ಲಿ ಎರಡು ಅಳೆದು ಎದೆಯುಬ್ಬಿಸಿ ಮನೆಗೆ ಹೋಗಬಹುದು. ನನ್ನ ಎತ್ತಿಗೂ ಯಾವ ದಾರಿ ಎಂದು ತಿಳಿದಿದೆ!” ಎಂದು ನಕ್ಕವನು ದನಿ ತಗ್ಗಿಸಿದನು. “ಎಲ್ಲವನ್ನೂ ಒಬ್ಬನೇ ಕೊಳ್ಳುತ್ತಾನೆ. ಮುಖಕ್ಕೆ ಮುಸುಕು, ಬಾಯಿಗೆ ಬೀಗ. ಮಾಲು ಮಾತ್ರ ಆಚೆ ದಡದ ಇರುಗರಸರ ಬೀಡಿಗೆ ಹೋಗುತ್ತದೆ.”

ಇರುಗರಸನು ಅರಸನ ದಾಯಾದಿ. ಸಿಂಹಾಸನ ತನ್ನದೆಂದು ಎರಡು ಬಾರಿ ದಂಡೆತ್ತಿ ಬಂದು ಸೋತವನು. ಬಾಚಲೆಗೆ ನಿಂತ ನೆಲವೇ ಸಡಿಲವಾದಂತಾಯಿತು.

“ನಿನ್ನ ಹೇರಿನ ಬೆಲೆಯನ್ನು ನಾನು ಕುದುರಿಸುತ್ತೇನೆ, ಬಿಡು,” ಎಂದಳು.

ಮುಸುಕಿನವನು ಬಂದು ಕುಳಿತನು. ಕಾಮಿಶೆಟ್ಟಿ ತನ್ನ ವಲ್ಲಿಯನ್ನು ಇಬ್ಬರ ಕೈಗಳ ಮೇಲೆ ಹೊದಿಸಿದನು. ಬಾಚಲೆಯ ಅಂಗೈಗೆ ಬೆಚ್ಚನೆಯ ದಪ್ಪ ಹಸ್ತವೊಂದು ತಾಕಿತು. ಆ ಹಸ್ತದ ಉಂಗುರಬೆರಳು ಎಂದೋ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಆ ಬೆರಳನ್ನು ಅವಳು ಬಲ್ಲಳು. ಅರಮನೆಯ ಉಗ್ರಾಣಕ್ಕೆ ಧಾನ್ಯ ಕೊಳ್ಳಲು ಪ್ರತಿ ಸಂತೆಗೂ ಬರುತ್ತಿದ್ದ, ಪ್ರಧಾನನ ಭಾವಮೈದುನ ಸಾಯಿಮಯ್ಯನ ಬೆರಳದು. ಮುಖ, ಮಾತು, ವೇಷ ಎಲ್ಲವನ್ನೂ ಮರೆಸಿದ ಆ ಜಾಣನಿಗೆ ಕೈಯನ್ನು ಮರೆಸಬೇಕೆಂದು ಹೊಳೆದಿರಲಿಲ್ಲ. ಬಟ್ಟೆಯ ಕೆಳಗಿನದು ಯಾರಿಗೂ ಕಾಣದೆಂಬ ನಂಬಿಕೆ ಅವನಲ್ಲಿ ಅಷ್ಟು ಆಳವಾಗಿ ಬೇರೂರಿತ್ತು. ಬಾಚಲೆಯೂ ಅದೇ ತಪ್ಪನ್ನು ಮಾಡಿದ್ದಳು. ಎಷ್ಟೋ ವರ್ಷ ಹೇರಿನವರ ಪರವಾಗಿ ಬಟ್ಟೆಯ ಕೆಳಗೆ ಅವನೊಡನೆ ವಾದಿಸಿದ ಬೆರಳುಗಳು ಅವಳವು; ಅವನೂ ಅವುಗಳನ್ನು ಗುರುತಿಸಿದನು.

ಹಸ್ತವು ಒಮ್ಮೆಲೇ ಬಿಗಿಯಿತು. ಅವಳು ಎಳೆದುಕೊಳ್ಳಲು ನೋಡಿದಳು, ಅವನು ಬಿಡಲಿಲ್ಲ. ಸುತ್ತಲೂ ಬಿಸಿಲು, ಎತ್ತುಗಳ ಕೊರಳಗಂಟೆ, ಜನ. ವಲ್ಲಿಯ ಕೆಳಗೆ ಮಾತ್ರ ಇಬ್ಬರಿಗೇ ತಿಳಿದ ಭೀತಿ. ಅವನು ಅವಳ ಅಂಗೈಯನ್ನು ಪೂರ್ತಿಯಾಗಿ ಒತ್ತಿದನು. ಸಂತೆಯ ಭಾಷೆಯಲ್ಲಿ ಅದು ನೂರು. ಮತ್ತೊಮ್ಮೆ ಒತ್ತಿದನು. ಮೌನಕ್ಕೆ ಬೆಲೆ ಕಟ್ಟುತ್ತಿದ್ದನು. ಅವಳ ಬೆರಳುಗಳು ಸ್ಪಂದಿಸಲಿಲ್ಲ. ಆಗ ಅವನು ಹೆಬ್ಬೆರಳಿನ ಉಗುರಿನಿಂದ ಅವಳ ಮಣಿಕಟ್ಟಿನ ಸುತ್ತ ನಿಧಾನವಾಗಿ ಒಂದು ಗೆರೆ ಎಳೆದನು.

“ಏನಕ್ಕಾ, ಪಾಣಿಗ್ರಹಣವೋ?” ಎಂದು ಹಿಂದಿನಿಂದ ಯಾರೋ ಕೂಗಿದರು. “ನಮ್ಮ ಎತ್ತುಗಳು ಹಸಿದಿವೆ, ಬೇಗ ಮುಗಿಸಿ!”

ನಗೆಯೆದ್ದಿತು. ಬಟ್ಟೆಯ ಕೆಳಗೆ ಕೈಯಿಟ್ಟವನಿಗೆ ಕೇಡು ಮಾಡಿದವನೊಡನೆ ಆ ಕಡವಿನಲ್ಲಿ ಮುಂದೆ ಯಾರೂ ವ್ಯವಹರಿಸುತ್ತಿರಲಿಲ್ಲ. ಅದನ್ನು ಬಲ್ಲ ಸಾಯಿಮಯ್ಯ ಕೈ ಸಡಿಲಿಸಿದನು. ಬಾಚಲೆ ಎದ್ದು, ಎತ್ತುಗಳ ಮರೆಯಲ್ಲಿ ನಡೆದು, ನೇರವಾಗಿ ಕೋಟೆಯತ್ತ ಹೆಜ್ಜೆ ಹಾಕಿದಳು.

ಕೋಟೆಯ ಕಾವಲಿನ ನಾಯಕ ಬೀಚಯ್ಯನು ಅವಳ ಮೈದುನ. ಅವಳ ಮಾತನ್ನೆಲ್ಲ ಕೇಳಿ ಅವನು ತಲೆಗೆ ಕೈಹೊತ್ತು ಕುಳಿತನು.

“ಸಾಕ್ಷಿ, ಅತ್ತಿಗೆ?”

“ಒಂದು ಬೆರಳು.”

“ಬೆರಳಿನ ಸಾಕ್ಷಿಯ ಮೇಲೆ ಮಹಾಪ್ರಧಾನರನ್ನು ಸೆರೆಹಿಡಿದರೆ ನನ್ನ ಭಟರೇ ನನಗೆ ಹುಚ್ಚೆಂದಾರು.”

“ಅರಸರಿಗೆ ಹೇಳಿಕಳುಹಿಸು.”

“ಅಂಚೆಯ ಕುದುರೆಗಳೆಲ್ಲ ಪ್ರಧಾನರ ಲಾಯದವು. ಹೋದವನು ಮೊದಲ ಠಾಣ್ಯವನ್ನೂ ದಾಟಲಾರ. ನೀವು ತೌರಿಗೆ ಹೊರಟುಬಿಡಿ. ಬಾಗಿಲಲ್ಲಿ ನಾನು ಆಚೆ ನೋಡುತ್ತೇನೆ.”

ಹೊರಡಲು ಅವಳ ಮೈಯ ಪ್ರತಿಯೊಂದು ನರವೂ ಹಂಬಲಿಸಿತು. “ಹೋದೆನೆನ್ನು,” ಎಂದಳು. “ಅರಸರ ಮುದ್ರೆಯ ಹೆಸರಿನಲ್ಲಿ ಹಸಿದ ಜನ ಅರಸರನ್ನೇ ಶಪಿಸುತ್ತಿದ್ದಾರೆ. ನಾಳೆ ಇರುಗರಸನು ಧಾನ್ಯದ ಗಾಡಿಗಳನ್ನು ಮುಂದಿಟ್ಟುಕೊಂಡು ಬಾಗಿಲಿಗೆ ಬರುತ್ತಾನೆ. ಒಳಗಿನಿಂದ ಅಗಣಿ ತೆಗೆಯಲು ಓಡಿಬರುವವರನ್ನು ನಿನ್ನ ಭಟರು ತಡೆದಾರೇ?”

ಬೀಚಯ್ಯ ತಲೆಯಲ್ಲಾಡಿಸಿದನು. “ನನ್ನ ಭಟರೂ ಉಪವಾಸವಿದ್ದಾರೆ, ಅತ್ತಿಗೆ.”

ಸಂತೆಗೊಂದು ಹಳೆಯ ಕಟ್ಟಳೆಯಿತ್ತು. ಹೆಗ್ಗಡೆಯ ಡಂಗುರವನ್ನು ನಂಬಿ ವ್ಯವಹರಿಸಿದವನಿಗೆ ದೋಷವಿಲ್ಲ. ದೋಷವಿದ್ದರೆ ಅದು ಡಂಗುರ ಹೊಡೆಸಿದವರದು. ಮರುದಿನ ಮುಂಜಾನೆ ಬಾಚಲೆ ಡಂಗುರದವನನ್ನು ಕರೆಸಿದಳು. ಸಾರಬೇಕಾದ ಮಾತನ್ನು ಕೇಳಿದೊಡನೆ ಅವನು ವಾದ್ಯವನ್ನು ಅವಳ ಕಾಲಬಳಿ ಇಟ್ಟು ಓಡಿದನು. ಅವಳೇ ಅದನ್ನು ಕೊರಳಿಗೆ ಹಾಕಿಕೊಂಡಳು. ಪಳಗದ ಕೈಯ ಪೆಟ್ಟುಗಳು ಎಲ್ಲೆಲ್ಲೋ ಬಿದ್ದವು.

“ಯಾರಿಗವ್ವಾ ಮದುವೆ?” ಎಂದು ಜಗಲಿಯ ಮೇಲಿನ ಮುದುಕಿಯೊಬ್ಬಳು ಕೇಳಿದಳು.

“ಕೇಳಿರಿ!” ದನಿ ಒಡೆಯಿತು, ಮತ್ತೆ ಕೂಗಿದಳು. “ಇಂದಿನಿಂದ ಈ ಸಂತೆಯಲ್ಲಿ ಜೋಳಕ್ಕೆ ಕಟ್ಟುಬೆಲೆಯಿಲ್ಲ. ಬಟ್ಟೆ ಹಾಸಿರಿ. ಇಬ್ಬರೂ ಒಪ್ಪಿದ್ದೇ ಬೆಲೆ. ಕೊಳಗ ಮಾತ್ರ ಅರಮನೆಯ ಮುದ್ರೆಯದೇ ಆಗಿರಬೇಕು. ಕಳ್ಳ ಅಳತೆಗೆ ಹಿಂದಿನ ದಂಡವೇ ಇದೆ. ಶಾಸನ ಮೀರಿದ ದೋಷ ನನ್ನೊಬ್ಬಳದು. ಮಾರಿದವನದಲ್ಲ, ಕೊಂಡವನದಲ್ಲ!”

ಕಾಮಿಶೆಟ್ಟಿಯ ಹೇರು ಅಂದೇ ಬಂದಿತು. ಕೊಳ್ಳುವವರು ಮುಗಿಬಿದ್ದುದರಿಂದ ಹಣಕ್ಕೆ ಒಂದೇ ಕೊಳಗದಂತೆ ಜೋಳ ಹೋಯಿತು. ಕಡವಿನ ಬೆಲೆಗಿಂತಲೂ ಅದು ಇಮ್ಮಡಿ. ಜನ ಹೆಗ್ಗಡಿತಿಯತ್ತ ಮುಷ್ಟಿ ಎತ್ತಿದರು.

“ಪ್ರಧಾನರು ನಾಲ್ಕು ಕೊಡಿಸಿದ್ದರು, ಇವಳು ಒಂದಕ್ಕೆ ಇಳಿಸಿದಳು! ಶೆಟ್ಟರಿಂದ ಎಷ್ಟು ತಿಂದೆಯೇ?”

“ಕೊಡಿಸಿದ್ದರೇ?” ಎಂದಳು ಜಗಲಿಯ ಮುದುಕಿ. “ಯಾವಾಗಪ್ಪಾ? ಆ ನಾಲ್ಕು ಕೊಳಗವನ್ನು ಬಾಯಲ್ಲಿ ಹೇಳಿದ್ದು ಕೇಳಿದ್ದೇನೆ, ರೊಟ್ಟಿ ತಟ್ಟಿದ್ದು ಕಾಣೆ.”

ಒಂದು ಕಲ್ಲು ಬಂದು ಬಾಚಲೆಯ ಭುಜಕ್ಕೆ ಬಡಿಯಿತು. ಹೇರಿನವರು ಬೇರೆ ಯಾರೂ ಬಾರದಿದ್ದರೆ? ತನ್ನ ಎಣಿಕೆಯೇ ತಪ್ಪಾಗಿದ್ದರೆ? ಆ ಶಂಕೆಯು ಕಲ್ಲಿಗಿಂತ ಹೆಚ್ಚು ನೋಯಿಸಿತು. ಇಳಿಹೊತ್ತಿಗೆ ಪ್ರಧಾನನ ಅಪ್ಪಣೆಯಂತೆ ಬೀಚಯ್ಯನೇ ಬಂದು ಅವಳನ್ನು ಸೆರೆಗೆ ಕರೆದೊಯ್ದನು. ಸಂತೆಯ ಅಪರಾಧಕ್ಕೆ ಸಂತೆಯ ದಿನವೇ, ನೆರೆದವರ ಎದುರಿನಲ್ಲಿಯೇ ಶಿಕ್ಷೆಯಾಗಬೇಕೆಂಬ ನಿಯಮವಿದ್ದು, ಅಂದಿನ ಸಂತೆ ಆಗಲೇ ಚದುರಿದ್ದರಿಂದ ಮುಂದಿನ ಸಂತೆಯವರೆಗೆ ಕಾಯಬೇಕಾಯಿತು.

ಕಲಿಮಯ್ಯನು ಸೆರೆಮನೆಗೆ ತಾನೇ ಬಂದನು. ಹೊಸಿಲಿನಾಚೆ ಪೀಠ ಹಾಕಿಸಿಕೊಂಡು ಕುಳಿತನು.

“ನಿಮ್ಮ ಗಂಡ ನನಗೆ ಆಪ್ತರಾಗಿದ್ದರು. ಈ ಇಳಿವಯಸ್ಸಿನಲ್ಲಿ ಇದೆಲ್ಲ ಬೇಕಿತ್ತೇ?” ಎಂದನು. “ಒಂದೇ ಮಾತು ಸಾಕು. ಜನರೆದುರು ಹೇಳಿ: ದಂಡಿಗೆ ಧಾನ್ಯ ಉಳಿಯಲೆಂದು ಪಟ್ಟಣವನ್ನು ಉಪವಾಸ ಕೆಡಹುವಂತೆ ಅರಸರೇ ಗುಟ್ಟಾಗಿ ಅಪ್ಪಣೆಯಿತ್ತರೆಂದು. ಆಮೇಲೆ ಡಂಗುರವನ್ನು ಹಿಂದೆಗೆದುಕೊಳ್ಳಿ. ನಿಮ್ಮ ಕೈ ನಿಮ್ಮದೇ.”

ಅವಳು ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಆ ಕೈ ರೊಟ್ಟಿ ತಟ್ಟಿದ್ದು, ಗಂಡನ ಬಾಯಿಗೆ ಕಡೆಯ ನೀರು ಬಿಟ್ಟಿದ್ದು. ಆಗಲೆನ್ನುವ ಮಾತು ನಾಲಿಗೆಯ ತುದಿಗೆ ಬಂದೇ ಬಂದಿತ್ತು.

“ನನಗೆ ತುಂಬ ಭಯವಾಗುತ್ತಿದೆ, ಪ್ರಧಾನರೇ.”

“ಭಯ ಒಳ್ಳೆಯದು. ಯೋಚಿಸಿ.”

ಹೊರಗೆ ಬಂದವನು ಉತ್ತರದ ಬಾಗಿಲನ್ನು ಮುಚ್ಚುವಂತೆ ಬೀಚಯ್ಯನಿಗೆ ಅಪ್ಪಣೆ ಮಾಡಿದ್ದು ಅವಳಿಗೆ ಕೇಳಿಸಿತು. ಬೀಚಯ್ಯನ ಉತ್ತರವೂ ಕೇಳಿಸಿತು.

“ಶಾಸನದಲ್ಲಿ ಬೆಲೆಯ ಮಾತಿದೆ, ಪ್ರಧಾನರೇ, ಬಾಗಿಲಿನ ಮಾತಿಲ್ಲ. ಹಗಲಿನಲ್ಲಿ ಬಾಗಿಲು ಮುಚ್ಚಲು ನನಗೆ ರಾಜಮುದ್ರೆ ಬೇಕು. ಮುದ್ರೆ ಅರಸರೊಡನೆ ಗಡಿಯಲ್ಲಿದೆ. ನಾನು ದಡ್ಡ, ಬರೆದದ್ದಷ್ಟನ್ನೇ ಮಾಡುವವನು.”

ಸಂತೆಯ ದಿನ ಅವಳನ್ನು ಹೊರಗೆ ತಂದಾಗ ಬಿಸಿಲಿಗೆ ಕಣ್ಣು ಕತ್ತಲೆಗೊಂಡಿತು. ಮೊದಲು ತಿಳಿದದ್ದು ವಾಸನೆ. ಸಗಣಿ, ಗೋಣಿ, ಹೊಸ ಜೋಳ. ಆಮೇಲೆ ಸದ್ದು. ಉತ್ತರದ ಬಾಗಿಲಿನಿಂದ ಕಂಬದವರೆಗೂ ಎತ್ತುಗಳು ಇಕ್ಕಟ್ಟಾಗಿ ನಿಂತಿದ್ದವು. ಬಟ್ಟೆಗಳ ಕೆಳಗೆ ಕೈಗಳು ಆಡುತ್ತಿದ್ದವು. ಪಟ್ಟಣದ ಬೆಲೆ ಎತ್ತರವಿದೆಯೆಂಬ ಸುದ್ದಿ ದಾರಿಗಳಲ್ಲೆಲ್ಲ ಹರಡಿ, ಬೆಲೆ ಎತ್ತರವಿದ್ದಲ್ಲಿಗೆ ನಾಡಿನ ಜೋಳವೆಲ್ಲ ನಡೆದುಬಂದಿತ್ತು. ಭಟರ ನಡುವೆ ಸಾಗುತ್ತ ಅವಳು ಕೊಂಡವರ ಮಾತುಗಳನ್ನು ಕೇಳಿಸಿಕೊಂಡಳು. ಬಾಗಿಲ ಬಳಿ ಹಣಕ್ಕೆ ಒಂದೂವರೆ ಕೊಳಗ. ಎಣ್ಣೆಯಂಗಡಿಗಳ ಸಾಲಿನಲ್ಲಿ ಎರಡು. ಕಂಬದ ಹತ್ತಿರ ಇಬ್ಬರು ಮಾರುವವರು ಒಬ್ಬಳೇ ಕೊಳ್ಳುವವಳ ಸೆರಗು ಹಿಡಿದು ಜಗ್ಗಾಡುತ್ತಿದ್ದರು.

“ಅವ್ವಾ!” ಗೋಣಿಗಳ ಮೇಲಿನಿಂದ ಕಾಮಿಶೆಟ್ಟಿ ಕೂಗಿದನು, ಅವನು ಅಳುತ್ತಲೂ ಇದ್ದನು, ನಗುತ್ತಲೂ ಇದ್ದನು. “ಇರುಗರಸರ ಕಣಜದ ಕಾವಲಿನವರೇ ಹೇರು ಕಟ್ಟಿಕೊಂಡು ಬಂದಿದ್ದಾರೆ! ಅಲ್ಲಿ ಹಣಕ್ಕೆ ಎರಡು ಕೊಳಗದಂತೆ ಕೊಂಡಿಟ್ಟದ್ದನ್ನು ಇಲ್ಲಿ ಒಂದೇ ಕೊಳಗದಂತೆ ಮಾರುವ ಆಸೆ. ತಡವಾಗಿ ಬಂದವರಿಗೆ ಈಗ ಅಸಲೂ ಗಿಟ್ಟುತ್ತಿಲ್ಲ!”

ಕೊರಡಿನ ಸುತ್ತಲೂ ಎತ್ತುಗಳು ತುಂಬಿ ಭಟರಿಗೆ ನಿಲ್ಲಲು ಜಾಗವಿರಲಿಲ್ಲ. ಕಲಿಮಯ್ಯನ ಮುಖ ಸುಣ್ಣದಂತಾಗಿತ್ತು; ಆದರೂ ಶಾಸನ ಅವನ ಕೈಯಲ್ಲಿತ್ತು. ಅವನು ಅದನ್ನು ಓದಿಸಿದನು. ಬೀಚಯ್ಯ ಅವಳ ಕಿವಿಯ ಬಳಿ ಬಾಗಿದನು.

“ಅತ್ತಿಗೆ, ಒಂದು ಮಾತು ಹೇಳಿ. ನನ್ನ ಭಟರು ಕತ್ತಿ ಹಿರಿಯುತ್ತಾರೆ.”

“ಬೇಡ. ಇದರ ಮೇಲಿರುವುದು ಅರಸರ ಮುದ್ರೆ. ಇಂದು ನೀನೇ ಅದನ್ನು ಮುರಿದರೆ ನಾಳೆ ಬಾಗಿಲನ್ನು ಯಾವ ಮುದ್ರೆಯ ಬಲದಿಂದ ಕಾಯುತ್ತೀ?” ಅವಳ ಹಲ್ಲುಗಳು ಕಟಕಟಿಸುತ್ತಿದ್ದವು. “ನನ್ನನ್ನು ಹಿಡಿದುಕೋ. ಬಿದ್ದುಬಿಡುತ್ತೇನೆ.”

“ಹೆಗ್ಗಡಿತಿಯವರೇ,” ಎಂದನು ಪ್ರಧಾನ, ಎಲ್ಲರಿಗೂ ಕೇಳುವಂತೆ. “ಈ ಶಾಸನದ ಹಿಂದೆ ಯಾರ ಇಚ್ಛೆಯಿತ್ತೆಂಬುದನ್ನು ಜನರಿಗೆ ತಿಳಿಸಿ. ಇದು ಕಡೆಯ ಅವಕಾಶ.”

ಅವಳು ಜನರನ್ನು ನೋಡಿದಳು. ಗುಂಪಿನಲ್ಲಿ ಮಾದಿಶೆಟ್ಟಿಯೂ ಇದ್ದನು, ಎಡಗೈಯಲ್ಲಿ ಗೋಣಿಯ ಬಾಯಿ ಹಿಡಿದುಕೊಂಡು.

“ಅರಸರು ನಂಬಿ ಮುದ್ರೆ ಒತ್ತಿದರು,” ಎಂದಳು. “ನಂಬಿಸಿದವರು ಯಾರೆಂದು ಕಡವಿನಲ್ಲಿ ಧಾನ್ಯ ಕೊಳ್ಳುವ ಮುಸುಕಿನವನನ್ನು ಕೇಳಿ. ಬೇಗ ಮುಗಿಸಿ, ಪ್ರಧಾನರೇ. ದಾರಿ ಕಟ್ಟಿಹೋಗಿದೆ; ಜನ ವ್ಯಾಪಾರ ಮಾಡಬೇಕು.”

ಮಚ್ಚು ಎದ್ದಾಗ ಅವಳು ಕಿರುಚಿದಳು. ಆ ಕಿರುಚಾಟವನ್ನು ಕೇಳಿದವರು ಬಹುಕಾಲ ಅದನ್ನು ಮರೆಯಲಿಲ್ಲ.

ಇರುಗರಸನು ಮಾಘ ಕಳೆಯುವ ಮೊದಲೇ ಬಂದನು, ಅಳಿದುಳಿದ ಜೋಳದ ಗಾಡಿಗಳನ್ನು ದಂಡಿನ ಮುಂದಿಟ್ಟುಕೊಂಡು. ಹಸಿದ ಪಟ್ಟಣ ಬಾಗಿಲು ತೆರೆದು ತನ್ನ ಕಾಲಿಗೆ ಬೀಳುವುದೆಂದು ಅವನು ಕಾದನು. ಕೋಟೆಯ ಮೇಲಿನಿಂದ ಬೀಚಯ್ಯನ ಭಟನೊಬ್ಬನು, ಅರೆ ತಿಂದ ರೊಟ್ಟಿಯನ್ನು ಕೈಯಲ್ಲಿ ಹಿಡಿದು, ಬೆಲೆ ಎಷ್ಟೆಂದು ಕೇಳಿದನು. “ಒಳಗೆ ಹಣಕ್ಕೆ ಮೂರು ಕೊಳಗ ನಡೆಯುತ್ತಿದೆ ಸ್ವಾಮೀ, ನಿಮಗೆ ಗಿಟ್ಟುವುದಿಲ್ಲ!” ಎಂದನವನು. ಕೋಟೆಯುದ್ದಕ್ಕೂ ನಗೆ ಹರಡಿತು. ಗಡಿಯಿಂದ ಅರಸನು ಮರಳುವ ವೇಳೆಗೆ ದಾಯಾದಿಯ ದಂಡು ಚದುರಿತ್ತು. ಕಡವಿನಲ್ಲಿ ಹೇರಿನವರ ಕೈಗೆ ಸಿಕ್ಕ ಸಾಯಿಮಯ್ಯನು ಎಲ್ಲವನ್ನೂ ಒಪ್ಪಿಕೊಂಡನು. ಕಲಿಮಯ್ಯನು ಬಾಚಲೆಯಿದ್ದ ಸೆರೆಮನೆಯಲ್ಲಿಯೇ ವಿಚಾರಣೆಯನ್ನು ಎದುರುನೋಡುತ್ತ ಕುಳಿತನು.

ಮಾಯಿದೇವನು ಪರಿವಾರವನ್ನು ಬಿಟ್ಟು ಹೆಗ್ಗಡಿತಿಯ ಮನೆಗೆ ಒಬ್ಬನೇ ಬಂದನು. ಗಾಯ ಮಾಯುತ್ತಿತ್ತು, ಅವಳು ಕಷ್ಟದಿಂದ ಎದ್ದುನಿಂತಳು.

“ನಮ್ಮ ಮುದ್ರೆ ನಿಮ್ಮ ಕೈಯನ್ನು ಕಡಿಯಿತು, ತಾಯೀ.” ಆ ತರುಣನ ತುಟಿ ಅದುರಿತು. “ಏನು ಕೊಟ್ಟರೆ ಸರಿಹೋದೀತು?”

“ಆ ಶಾಸನವನ್ನು ನೀವೇ ರದ್ದು ಮಾಡಿ, ಪ್ರಭು, ನನ್ನ ಡಂಗುರ ಸಾಲದು. ಮುದ್ರೆಯನ್ನು ಕೊಳಗದ ಮೇಲೆ ಒತ್ತಿ, ತಕ್ಕಡಿಯ ಮೇಲೆ ಒತ್ತಿ. ದಾರಿಯಲ್ಲಿ ಹೇರು ದೋಚುವವನನ್ನು ಹಿಡಿಸಿ. ಕೊಳ್ಳಲಾರದ ಬಡವನಿಗೆ ನಿಮ್ಮ ಕಣಜದಿಂದ ಕೊಡಿ. ಬೆಲೆಯನ್ನು ಮಾತ್ರ ಅವರವರೇ ಗೊತ್ತುಮಾಡಿಕೊಳ್ಳಲಿ.”

“ಅಂದು ನಿಮಗೆ ಭಯವಾಗಲಿಲ್ಲವೇ?”

“ಈಗಲೂ ಆಗುತ್ತಿದೆ,” ಎಂದಳು ಬಾಚಲೆ. “ಹೊರಗೆ ಯಾರಾದರೂ ಜೋರಾಗಿ ನಡೆದರೂ ಎದೆ ಹಾರುತ್ತದೆ. ನೀವು ಬರುವಾಗಲೂ ಹಾರಿತು.”

ಬೀದಿಯಲ್ಲಿ ಯಾರೋ ಕೊಳಗ ಸಣ್ಣದೆಂದು ಜಗಳ ತೆಗೆದಿದ್ದರು, ಬೈಗುಳ ಕೇಳಿಬರುತ್ತಿತ್ತು. ಅವಳು ಸೆರಗನ್ನು ಎಡಗೈಯಿಂದ ಸರಿಪಡಿಸಿಕೊಂಡು, ಅಪ್ಪಣೆಯಾದರೆ ಹೋಗಿಬರುವೆನೆಂದು ಹೇಳಿ, ಜಗಳ ತೀರಿಸಲು ಹೊಸಿಲು ದಾಟಿ ಬೀದಿಗಿಳಿದಳು. ಅರಸನೂ ಅವಳ ಹಿಂದೆಯೇ ನಡೆದನು.